ಏಳನೇ ನಂಬರಿನ ಜೆರ್ಸಿ

ಬಸ್ಸಿಗೆ ಕಾಯುತ್ತ ಬೆಂಚಿನ ತುದಿಯಲ್ಲಿ ಕುಳಿತಿದ್ದ ತೋಟಗಾರ್ತಿಗೆ ಬ್ಯಾಸ್ಕೆಟ್‌ಬಾಲಿನ ಗಂಧಗಾಳಿಯೂ ಇರಲಿಲ್ಲ. ಆದರೂ ಪಕ್ಕದಲ್ಲಿದ್ದ ದರ್ಜಿ ಮತ್ತವನ ಭಾವಮೈದುನ ಹಲ್ಲು ಕಚ್ಚಿಕೊಂಡು ಆಡುತ್ತಿದ್ದ ಮಾತಿಗೆ ಆಕೆಯ ಕಿವಿ ತಾನಾಗಿ ನಿಮಿರಿತು.

“ಭಾವ, ಕ್ಯಾಪ್ಟನ್ ಬೇರೆ ಟೀಮಿಗೆ ಹೋದ. ನಮ್ಮ ಅಭಿಮಾನಿ ಸಂಘದ ಜೆರ್ಸಿಗಳಿಂದ ಅವನ ಏಳನೇ ನಂಬರು ಬಿಚ್ಚಿಕೊಡಿ.”

“ಹೋಗಲಿಲ್ಲ ಕಣೋ, ಮಾರಿದ್ರು. ಇಬ್ಬರು ಎಳೆಯ ಆಟಗಾರರನ್ನ ತಗೊಂಡು ಇವನನ್ನ ಆಚೆ ತಳ್ಳಿದ್ರು. ನಾನು ಹೊಲಿದಿದ್ದನ್ನ ನಾನು ಬಿಚ್ಚಲ್ಲ.”

“ಕೋಚ್ ಜೊತೆ ಜಗಳ ಆಡಿದ. ಈ ವಯಸ್ಸಲ್ಲಿ ಮೂರು ವರ್ಷದ ಕಾಂಟ್ರಾಕ್ಟ್ ಬೇರೆ ಬೇಕಂತೆ.”

“ಮುರಿದ ಬೆರಳಿಗೆ ಪಟ್ಟಿ ಕಟ್ಕೊಂಡು ಫೈನಲ್ ಆಡ್ದಾಗ ಯಾರಾದ್ರೂ ವಯಸ್ಸು ಕೇಳಿದ್ರೇನೋ?”

“ಹಳೇ ಪುರಾಣ ಬಿಡಿ. ಮೊದಲನೇ ಮ್ಯಾಚಿಗೇ ನಮ್ಮೆದುರು ಆಡೋಕೆ ಬರ್ತಾನೆ. ಆಗ ಯಾರಿಗೆ ಚಪ್ಪಾಳೆ ತಟ್ತೀರಿ?”

“ಅವನಿಗೇ.”

“ಹಾಗಾದ್ರೆ ನಮ್ಮ ಸಾಲಲ್ಲಿ ಕೂರಬೇಡಿ. ಅಕ್ಕನ ಮುಖ ನೋಡಿ ಇಷ್ಟು ದಿನ ಸುಮ್ನಿದ್ದೆ.”

“ನಿಮ್ಮಕ್ಕನೂ ಅವನಿಗೇ ತಟ್ತಾಳೆ. ನಿನ್ನ ಸಾಲು ನೀನೇ ಇಟ್ಕೋ.”

ಬಸ್ಸು ಬಂತು. ಭಾವಮೈದುನ ಮೊದಲು ಹತ್ತಿ ಕಿಟಕಿಯ ಪಕ್ಕ ಕುಳಿತು, ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟ. ದರ್ಜಿ ಬಂದು ಕಂಬಿ ಹಿಡಿದು ನಿಂತರೂ ಅದನ್ನು ಎತ್ತಲಿಲ್ಲ. ಹಿಂದೆ ಬೇಕಾದಷ್ಟು ಸೀಟು ಖಾಲಿಯಿದ್ದರೂ ದರ್ಜಿ ಅಲ್ಲಿಂದ ಕದಲಲಿಲ್ಲ. ಬಸ್ಸು ಹಾಗೆಯೇ ಹೊರಟಿತು.