ಪಾಸಾದ ಪೆಟ್ಟಿಗೆ

ನಗಬೇಡಿ, ಇದು ನನ್ನ ದೊಡ್ಡಮ್ಮನ ಮಗನಿಗೇ ಆಗಿದ್ದು. ಆವತ್ತು ಅಣ್ಣ ಅಂಗಡಿ ಮುಚ್ಚಿ ಮನೆಗೆ ಹೊರಟಾಗ ಹನ್ನೊಂದೂವರೆ. ದಾರಿಯಲ್ಲಿ ಒಂದು ಹಳೇ ಬಾವಿ. ಹತ್ತಿರ ಬಂದ... ಒಳಗಿಂದ ಸದ್ದು. ಟಿಕ್. ಟಿಕ್. ಕರ್ರ್...

ಕಪ್ಪೆಯಲ್ಲ, ಹನಿ ಬೀಳೋದಲ್ಲ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಕಾಲು ಅಲ್ಲೇ ನಿಂತುಹೋಯ್ತು.

ಅವನ ಕಸುಬು ಏನಂದ್ರೆ, ಆನ್‌ಲೈನ್ ಅಂಗಡಿ ಇಡೋರಿಗೆ ಅಗ್ಗದ ಸರ್ವರ್ ಪೆಟ್ಟಿಗೆ ಪರೀಕ್ಷೆ ಮಾಡಿಕೊಡೋದು. ಏಳು ರಾತ್ರಿ ಬಿಡದೆ ಓಡಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ‘ಪಾಸ್’ ಚೀಟಿ ಅಂಟಿಸೋದು. ಕಲಿಸಿದ್ದು ಅವನ ಗುರುಗಳು, ಎಲ್ಲರ ಬಾಯಲ್ಲಿ ‘ಕಿವಿ ಮೇಷ್ಟ್ರು’. ತಣ್ಣನೆ ತಗಡಿಗೆ ಎಡಗಿವಿ ಒತ್ತಿ ಒತ್ತಿ, ಪಾಪ, ಅವರಿಗೆ ಆ ಕಿವಿಗೆ ಯಾವಾಗ್ಲೂ ಥಂಡಿ. ‘ಅಗ್ಗದ್ದು ಅಂತ ಹೀಗಳೆಯಬೇಡ. ಆದ್ರೆ ಡಿಸ್ಕು ಒಂದೇ ಒಂದು ಸಲ ಟಿಕ್ ಅಂದ್ರೂ ಅದು ಸಾಯೋ ಸೂಚನೆ, ಪಾಸ್ ಅಂಟಿಸ್ಬೇಡ’ ಅಂತಿದ್ರು. ಅವರು ತೀರಿಕೊಂಡು ಎರಡು ವರ್ಷ ಆಗಿತ್ತು.

ಊರಲ್ಲಿ ಸ್ವೆಟರ್ ಹೆಣೆದು ಆನ್‌ಲೈನಲ್ಲಿ ಮಾರೋ ಒಬ್ಬ ಅಕ್ಕನ ಪೆಟ್ಟಿಗೆ ಮೂರನೇ ರಾತ್ರಿ ಟಿಕ್ ಅಂದಿತ್ತು. ಒಂದೇ ಸಲ. ಅವಳಿಗೆ ಅವಸರ, ಇವನಿಗೆ ಉದಾಸೀನ. ‘ನಂಬಬಹುದೇನೋ ತಮ್ಮಾ?’ ಅಂದ್ಲು. ‘ಕಣ್ಣು ಮುಚ್ಚಿಕೊಂಡು ನಂಬಿ’ ಅಂದು ಪಾಸ್ ಚೀಟಿ ಅಂಟಿಸಿಬಿಟ್ಟ. ಮೂರು ವರ್ಷದ ಗಿರಾಕಿಗಳು, ಚಳಿಗಾಲದ ಆರ್ಡರು, ಎಲ್ಲ ಆ ಒಂದೇ ಡಿಸ್ಕಿನಲ್ಲಿ. ಅದು ಹೋದ್ರೆ ಅವಳ ಅಂಗಡಿನೇ ಹೋದ ಹಾಗೆ. ಆಮೇಲೆ ಯಾರಾದ್ರೂ ಸರ್ವರ್ ಅಂದ್ರೆ ಸಾಕು, ಇವನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳೋನು. ಆದ್ರೂ ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ.

ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ರು. ಕತ್ತು ಎಡಕ್ಕೆ ವಾಲಿತ್ತು...

‘ಕೇಳಿಸ್ತೇನೋ?’ ಪಿಸುಮಾತು.

‘...ಕೇಳಿಸ್ತು ಮೇಷ್ಟ್ರೇ.’

‘ಅವತ್ತೂ ಕೇಳಿಸಿತ್ತು.’

ಇವನು ಓಡಿದ. ಮನೆಗಲ್ಲ, ಅಕ್ಕನ ಬಾಗಿಲಿಗೆ. ಬಡಿದು ಎಬ್ಬಿಸಿ, ‘ನಿಮಗೆ ಸುಳ್ಳು ಹೇಳಿದ್ದೆ ಅಕ್ಕಾ. ಈ ಪೆಟ್ಟಿಗೆ ಉಳಿಯಲ್ಲ’ ಅಂದ. ಅವಳು ಬೈಯಲಿಲ್ಲ. ಪಕ್ಕದಲ್ಲಿ ಕೂತ್ಲು. ಎಲ್ಲಾನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ ಮುಗಿಸಿದಾಗ ಗಂಟೆ ಎರಡೂ ನಲವತ್ತು. ಕಾಪಿ ಇರೋ ಡಿಸ್ಕು ಬಿಚ್ಚಿ ಅವಳ ಕೈಗಿಟ್ಟ. ಅಷ್ಟರಲ್ಲಿ ಪೆಟ್ಟಿಗೆ... ಟಿಕ್. ಟಿಕ್. ಕರ್ರ್. ಆಮೇಲೆ ಸದ್ದೇ ಇಲ್ಲ.

ಕಾಪಿ ಮಾಡಿದ ಡಿಸ್ಕು ಬೆಳಗಿನವರೆಗೂ ಅವಳ ಮಡಿಲಲ್ಲೇ ಇತ್ತು, ಒಂದು ವೈರೂ ಇಲ್ಲದೆ. ಬೆಳಿಗ್ಗೆ ಹೊಸ ಪೆಟ್ಟಿಗೆಗೆ ಹಾಕಿ ನೋಡಿದ್ರೆ, ಎಲ್ಲ ಗಿರಾಕಿಗಳೂ ಇದ್ದಾರೆ. ಆದ್ರೆ ಕೊನೇ ಆರ್ಡರು ಬಂದಿದ್ದು ಅದೇ ರಾತ್ರಿ ಮೂರೂ ಹತ್ತಕ್ಕೆ. ಹೆಸರಿಲ್ಲ, ವಿಳಾಸ ಇಲ್ಲ. ಒಂದು ಉಲನ್ ಟೋಪಿ.

ನಾನೇನು ಕತೆ ಕಟ್ತಿಲ್ಲ. ಅವಳು ಪ್ರಿಂಟ್ ತೆಗೆದಿಟ್ಟ ಚೀಟಿ ನಾನೇ ಕೈಯಲ್ಲಿ ಹಿಡಿದು ಓದಿದ್ದೀನಿ. ಕೆಳಗೆ ಒಂದು ಸಾಲಿತ್ತು... ‘ಎಡಗಿವಿ ಕಡೆ ಸ್ವಲ್ಪ ದಪ್ಪಗೆ ಹೆಣೆಯಿರಿ.’