ನಡುವಿನ ಸೀಟಿನ ಪಾಲು

ಕಲಘಟಗಿ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾದಿದ್ದ ಮಥುರಾಬಾಯಿಗೆ ಪರರ ಮಾತು ಕೇಳುವ ಚಟವೇನೂ ಇರಲಿಲ್ಲ. ಆದರೆ ಕಿವಿಗೆ ಬಾಗಿಲೆಲ್ಲಿ? ಅದೇ ಕಟ್ಟೆಯ ಮೇಲೆ ತಂಬೂರು ಎಂಬ ಹಳ್ಳಿಯ ಗೆಳೆಯರಿಬ್ಬರು ಕುಳಿತಿದ್ದರು.

“ರೇವವ್ವ ಹದಿನೈದು ರೂಪಾಯಿ ಕಳಿಸ್ಯಾಳಲೇ ಹೊಳೆಪ್ಪ. ಹುಬ್ಬಳ್ಳಿಂದ ಮೂರೂ ಮಂದಿ ಒಂದ ಕಾರಿನ್ಯಾಗ ಬಂದೀರಿ, ನನ್ನ ಗಂಡನ ಪಾಲು ನಿಮ್ಮ ಮ್ಯಾಲ ಯಾಕ ಅಂತಾಳ.”

“ತಿರುಗಿ ಕೊಡು, ಮಡಿವಾಳೆಪ್ಪ. ಬಾಡಿಗಿ ನಾವಿಬ್ಬರ ಹಂಚಿಕೊಳ್ಳೂಣು.”

“ಏನಂತ ಹೇಳಿ ಕೊಡ್ಲಿ? ಫಕ್ಕೀರಪ್ಪ ಹುಬ್ಬಳ್ಳಿ ದವಾಖಾನಿಯೊಳಗನ ಸತ್ತಿದ್ದ ಅಂತೇನು?”

“ಹೆಣಾ ಅಂದಿದ್ರ ಡ್ರೈವರ ಹತ್ತಿಸಿಕೊಳ್ತಿದ್ದಿಲ್ಲ.”

“ಅದಕ್ಕ ನಡುವ ಕೂಡಿಸಿಕೊಂಡು ದಾರಿ ತುಂಬ ಮಾತಾಡಿಸಿದ್ವಿ. ಊರ ಅಗಸಿ ಬಾಗಲಿಗೆ ಬಂದು ಜೀವ ಬಿಟ್ಟ ಅಂತ ಆಕಿಗೆ ಹೇಳಿದಾಂವ ನೀನ.”

“ಜಲ್ಮದಾಗ ಹೇಣ್ತಿ ಹೆಸರ ಹಿಡಿಯದಾಂವ, ಕಡೀಕ ರೇವಾ ಅಂದ ಅಂತನೂ ಹೇಳೀನಿ.”

“ಆಕಿ ಆ ಮಾತಿನ ಮ್ಯಾಲ ಬದುಕ್ಯಾಳ. ರೊಕ್ಕ ಇಟ್ಕೊ.”

“ನೀ ಇಟ್ಕೊ. ನನ್ನ ಭುಜದ ಮ್ಯಾಲ ಅವನ ತಲಿ ಇನ್ನೂ ಐತಿ.”

ತಂಬೂರಿನ ಬಸ್ಸು ಬಂತು. ಇಬ್ಬರೂ ಎದ್ದರು. ಹದಿನೈದು ರೂಪಾಯಿ ಯಾರ ಕಿಸೆಗೆ ಹೋಯಿತೋ ಮಥುರಾಬಾಯಿಗೆ ತಿಳಿಯಲಿಲ್ಲ. ಕೆಳಗಿನಿಂದ ಕಿಟಕಿಯಲ್ಲಿ ಕಂಡದ್ದಿಷ್ಟೇ: ಮೂವರು ಕೂರುವ ಸೀಟಿನ ಎರಡು ತುದಿಗಳಲ್ಲಿ ಇಬ್ಬರೂ ಕುಳಿತಿದ್ದರು. ಗಂಟು ಹೊತ್ತ ಮುದುಕನೊಬ್ಬ ನಡುವೆ ಕೂರಲು ಬಗ್ಗಿದ.

“ಮಂದಿ ಅದಾರ್ರಿ,” ಎಂದ ಹೊಳೆಪ್ಪ, ಭುಜ ಅಲುಗಿಸದೆ.