ಹುಣಸೆಹಣ್ಣಿನಲ್ಲಿ ತಿಕ್ಕಿದ ತೂಕದ ಬಟ್ಟುಗಳು

ಮಾನ್ಯ ಅಧ್ಯಕ್ಷರಾದ ಕೇಶವಮೂರ್ತಿಯವರೇ, ಇಂದು ಸನ್ಮಾನ ಸ್ವೀಕರಿಸಿರುವ ನಮ್ಮ ವಿಮಲಾ ಮೇಡಂ ಅವರೇ, ಈ ಮಹಾನಗರದ ಆ ತುದಿಯ ರೋಹಿಣಿಯಿಂದ ಎರಡೆರಡು ಮೆಟ್ರೋ ಬದಲಾಯಿಸಿಕೊಂಡು ಬಂದ ಸಭಿಕರೇ, ಹಿಂದಿನ ಸಾಲಿನಲ್ಲಿ ಹಿಂದಿಯಲ್ಲಿ ಪಿಸುಗುಟ್ಟುತ್ತಿರುವ ಮಕ್ಕಳೇ,

ನಾನು ಅಯ್ಯಣ್ಣ, ಕೊಡಗಿನವನು. ಹದಿನೇಳು ವರ್ಷ ಫೌಜಿನಲ್ಲಿ ಸಿಪಾಯಿಯಾಗಿದ್ದು, ಆಮೇಲೆ ಮೇಡಂ ರಸಾಯನಶಾಸ್ತ್ರ ಕಲಿಸುತ್ತಿದ್ದ ಶಾಲೆಯಲ್ಲಿ ಲ್ಯಾಬ್ ಅಟೆಂಡರ್ ಆದೆ. ಎರಡು ಮಾತಾಡಿ ಅಂದಿದ್ದಾರೆ. ಎರಡರಲ್ಲಿ ಮುಗಿಸುವ ಅಭ್ಯಾಸ ನನಗಿಲ್ಲ.

ಅಧ್ಯಕ್ಷರು ಈಗಷ್ಟೇ ತಮಾಷೆ ಮಾಡಿದರು: ಇಷ್ಟು ದೊಡ್ಡ ಟೀಚರು, ಒಮ್ಮೆ ಶಾಲೆಯ ತೂಕದ ಪೆಟ್ಟಿಗೆಯನ್ನೇ ಹಾಳು ಮಾಡಿ ಮೆಮೋ ತೆಗೆದುಕೊಂಡಿದ್ದರು ಅಂತ. ಎಲ್ಲರೂ ನಕ್ಕಿರಿ. ಮೇಡಂ ಕೂಡ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಯಾಕೆ ಬರಲಿಲ್ಲ?

ನಾನು ಸೇರಿ ಎರಡು ತಿಂಗಳಾಗಿತ್ತು. ಮಾರನೆಯ ದಿನ ಪ್ರಾಕ್ಟಿಕಲ್ ಪರೀಕ್ಷೆ, ಹೊರಗಿನಿಂದ ಪರೀಕ್ಷಕರು ಬರುವವರಿದ್ದರು. ಪಲ್ಟನ್ನಿನಲ್ಲಿ ತಪಾಸಣೆ ಎಂದರೆ ಹಿತ್ತಾಳೆಯೆಲ್ಲ ಹೊಳೆಯಬೇಕು. ಇಲ್ಲಿ ನೋಡಿದರೆ ತಕ್ಕಡಿಯ ಹಿತ್ತಾಳೆ ಬಟ್ಟುಗಳು ಕಪ್ಪಗಿವೆ! ಅವನ್ನು ಬರಿಗೈಯಲ್ಲೂ ಮುಟ್ಟಬಾರದು, ಚಿಮಟದಲ್ಲಿ ಎತ್ತಬೇಕು ಎಂದು ನನಗೇನು ಗೊತ್ತು? ಹುಣಸೆಹಣ್ಣು, ಉಪ್ಪು ತಂದು, ನನ್ನ ಹೆಂಡತಿ ಸರಸು ದೀಪ ತಿಕ್ಕುವ ಹಾಗೆ ಒಂದೊಂದನ್ನೂ ತಿಕ್ಕಿದೆ. ಚಿನ್ನದ ಹಾಗಾದವು.

ಮರುದಿನ ಆ ಬಟ್ಟುಗಳಿಂದ ತೂಗಿದ ಮಕ್ಕಳಲ್ಲಿ ಒಬ್ಬರ ಉತ್ತರವೂ ಸರಿಹೊಂದಲಿಲ್ಲ. ಪರೀಕ್ಷಕರು ಕಿಡಿಕಿಡಿಯಾದರು. ಮೇಡಂ ಪಕ್ಕದ ಶಾಲೆಯಿಂದ ಬೇರೆ ಪೆಟ್ಟಿಗೆ ತರಿಸಿ, ಮಕ್ಕಳಿಂದ ಮತ್ತೆ ತೂಗಿಸಿದರು. ಯಾರ ಅಂಕವೂ ಹೋಗಲಿಲ್ಲ. ಆಮೇಲೆ ನನ್ನನ್ನು ಕರೆದರು.

"ಅಯ್ಯಣ್ಣನವರೇ, ಹೊಳಪು ಬಂತು, ಸರಿ. ಆ ಕಪ್ಪು ಎಲ್ಲಿಗೆ ಹೋಯಿತು?"

"ಮೋರಿಗೆ, ಮೇಡಂ."

"ಅಚ್ಛಾ. ಅಂದರೆ ಲೋಕದಿಂದ ಏನೂ ಹೋಗಿಲ್ಲ, ಬಟ್ಟಿನಿಂದ ಮಾತ್ರ ಹೋಗಿದೆ, ಬಟ್ಟು ಅಷ್ಟು ಹಗುರವಾಗಿದೆ. ಆ ಕಪ್ಪಿನಲ್ಲೂ ಹಿತ್ತಾಳೆಯ ತಾಮ್ರದ ಪರಮಾಣುಗಳಿದ್ದವು. ನೀವು ಅವನ್ನು ಹುಳಿನೀರಿನಲ್ಲಿ ಕಳಿಸಿಕೊಟ್ಟಿರಿ."

ಪರಮಾಣು ಎಂದರೆ ಬಾಂಬು ಎಂದುಕೊಂಡಿದ್ದವನು ನಾನು. ಎರಡು ಹೆಜ್ಜೆ ಹಿಂದೆ ಸರಿದೆ! ಅವರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ದಿನಾ ಊಟದ ಬಿಡುವಿನಲ್ಲಿ ನನಗೆ ಪಾಠ. ನೀರು ಕಾಣದಾದರೆ ಆವಿಯಾಗಿದೆ, ಉಪ್ಪು ಕಾಣದಾದರೆ ನೀರಿನಲ್ಲಿದೆ. ಕಣ್ಣಿಗೆ ಕಾಣಲಿಲ್ಲವೆಂದು ಇಲ್ಲ ಅನ್ನಬೇಡಿ, ಹುಡುಕಿ ಎನ್ನುತ್ತಿದ್ದರು. ಹತ್ತನೇ ಕ್ಲಾಸು ದಾಟದ ನಾನು ಮಗಳು ದಿಶಾಳ ಪುಸ್ತಕಗಳನ್ನು ಅವಳಿಗಿಂತ ಮೊದಲು ಓದಿ ಮುಗಿಸಿದೆ. ಇಂಥ ಗುರುಗಳು ಎಷ್ಟು ಜನಕ್ಕೆ ಸಿಗುತ್ತಾರೆ, ಹೇಳಿ?

ಆದರೆ ಆ ದಿನದ ಇನ್ನೊಂದು ಮಾತು ಉಳಿದಿದೆ. ಸಂಜೆ ಪ್ರಿನ್ಸಿಪಾಲರು, "ಯಾರು ಮಾಡಿದ್ದು?" ಎಂದು ಕೇಳಿದರು. ಮೇಡಂ, "ಲ್ಯಾಬ್ ನನ್ನದು, ತಪ್ಪೂ ನನ್ನದು" ಎಂದರು. ನಾನು ಅಲ್ಲೇ ನಿಂತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹದಿನೇಳು ವರ್ಷ ಬಂದೂಕು ಹಿಡಿದವನು ಒಂದು ವಾಕ್ಯ ಹೇಳಲು ಹೆದರಿದೆ. ಮೆಮೋ ಅವರ ಫೈಲಿಗೆ ಹೋಯಿತು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಒಂದು ದಿನವೂ ಅವರು ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೇಡಂ ಮುಂದಿನ ಸಾಲಿನಿಂದ ಸಾಕು ಎಂದು ಕೈ ಆಡಿಸುತ್ತಿದ್ದಾರೆ. ಇಷ್ಟು ವರ್ಷ ನೀವು ಹೇಳಿದ್ದನ್ನೆಲ್ಲ ಕೇಳಿದೆ, ಮೇಡಂ. ಇವತ್ತು ಕೇಳುವುದಿಲ್ಲ.

ಅಧ್ಯಕ್ಷರೇ, ಆ ತಮಾಷೆಯನ್ನು ಬಿಡಬೇಡಿ, ಮುಂದೆಯೂ ಹೇಳಿ. ನನ್ನ ಹೆಸರಿನಲ್ಲಿ ಹೇಳಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಮೇಡಂ, ನಿಮಗೆ ಕೈಮುಗಿದು ನಮಸ್ಕಾರ.